ಪ್ರೀತಿ ಇದೆ, ‘ಆ ಆಸೆ’ ಮಾತ್ರ ಇಲ್ಲ: ನಾನು ಏಸ್ ಇರಬಹುದಾ?

ಪ್ರಶ್ನೆ: ನನಗೆ 29 ವರ್ಷ. ಯಾರನ್ನು ನೋಡಿದರೂ ಅವರ ಜೊತೆ ಮಲಗಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಗಂಡಸರನ್ನು ನೋಡಿದಾಗಲೂ ಇಲ್ಲ, ಹೆಂಗಸರನ್ನು ನೋಡಿದಾಗಲೂ ಇಲ್ಲ. ಕಾಲೇಜಿನಲ್ಲಿದ್ದಾಗ ಒಬ್ಬನ ಜೊತೆ ಎರಡು ವರ್ಷ ಇದ್ದೆ. ಅವನಿಗೋಸ್ಕರ ಒಪ್ಪಿಕೊಂಡೆ. ಹಿಂಸೆ ಅನ್ನಿಸಲಿಲ್ಲ, ಖುಷಿಯೂ ಆಗಲಿಲ್ಲ. ಮೇಲೆ ತಿರುಗುವ ಫ್ಯಾನ್ ನೋಡುತ್ತಾ ಯಾವಾಗ ಮುಗಿಯುತ್ತೋ ಅಂತ ಕಾಯುತ್ತಿದ್ದೆ. ‘ನೀನು ಕಲ್ಲು’ ಅಂತ ಹೇಳಿ ಅವನು ಹೊರಟುಹೋದ. ಈಗ ನಾಲ್ಕು ವರ್ಷದ ಗೆಳೆಯನೊಬ್ಬ ಮದುವೆಯಾಗೋಣ ಅಂತಿದ್ದಾನೆ. ಅವನೆಂದರೆ ನನಗೆ ಪ್ರಾಣ. ಜೊತೆಗೆ ಬದುಕಬೇಕು ಅನ್ನಿಸುತ್ತೆ, ಕೈ ಹಿಡಿದರೆ ಹಿತ ಅನ್ನಿಸುತ್ತೆ. ಅದರಾಚೆ ಏನೂ ಇಲ್ಲ. ಹಾಗಂತ ನನ್ನ ಮೈಯಲ್ಲಿ ಆಸೆಯೇ ಇಲ್ಲ ಅಂತಲ್ಲ, ಒಬ್ಬಳೇ ಇದ್ದಾಗ ಅಪರೂಪಕ್ಕೆ ಇರುತ್ತೆ. ಕಾದಂಬರಿಯಲ್ಲಿ ಪ್ರಣಯದ ಭಾಗ ಬಂದರೆ ಇಷ್ಟಪಟ್ಟು ಓದುತ್ತೇನೆ. ಆ ಜಾಗದಲ್ಲಿ ನನ್ನನ್ನು ಊಹಿಸಿಕೊಂಡರೆ ಮಾತ್ರ ಎಲ್ಲ ಕೆಟ್ಟುಹೋಗುತ್ತೆ. ಏಸ್, ಡೆಮಿ, ಗ್ರೇ, ಏರೊ ಅಂತೆಲ್ಲ ಓದಿ ತಲೆ ಕೆಟ್ಟಿದೆ. ‘ಒಬ್ಬಳೇ ಇದ್ದಾಗ ಆಸೆ ಬಂದರೆ ನೀನು ಏಸ್ ಅಲ್ಲವೇ ಅಲ್ಲ’ ಅಂತ ಒಬ್ಬರು, ‘ಹಾರ್ಮೋನ್ ಟೆಸ್ಟ್ ಮಾಡಿಸು’ ಅಂತ ಇನ್ನೊಬ್ಬರು. ನಾನು ಯಾವುದು? ಇದು ಕಾಯಿಲೆಯಾ? ಅವನಿಗೆ ಹೇಗೆ ಹೇಳಲಿ?

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದು ಆ ಫ್ಯಾನ್ ಹತ್ತಿರ. ಸಲಹೆ ಕೇಳಿ ಬರುವವರ ಬಾಯಲ್ಲಿ ಇದೇ ಮಾತನ್ನು ಬೇರೆ ಬೇರೆ ಥರ ಕೇಳಿದ್ದೇನೆ. ಒಬ್ಬರು ಗೋಡೆ ಗಡಿಯಾರ ನೋಡುತ್ತಿದ್ದರಂತೆ. ಇನ್ನೊಬ್ಬರು ನಾಳೆ ಆಫೀಸಿನಲ್ಲಿ ಮಾಡಬೇಕಾದ ಕೆಲಸವನ್ನೆಲ್ಲ ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದರಂತೆ. ಭಯ ಇಲ್ಲ, ನೋವಿಲ್ಲ, ಕೋಪ ಕೂಡ ಇಲ್ಲ. ಮನಸ್ಸು ಸುಮ್ನೆ ಅಲ್ಲಿರುವುದಿಲ್ಲ, ಅಷ್ಟೆ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿದ್ದರಲ್ಲಿ ಕಾಯಿಲೆ ಅನ್ನುವಂಥದ್ದು ನನಗೆ ಏನೂ ಕಾಣಲಿಲ್ಲ. ‘ಏಸ್’, ಅಂದರೆ ಬೇರೆಯವರ ಕಡೆಗೆ ಲೈಂಗಿಕ ಸೆಳೆತ ಇಲ್ಲದವರು ಅನ್ನುವ ಪದ, ನಿಮಗೆ ಒಪ್ಪುವ ಹಾಗೆ ಕಾಣುತ್ತೆ. ಆದರೆ ಹೌದು ಅಂತ ಸೀಲು ಹೊಡೆದು ಕೊಡುವ ಅಧಿಕಾರ ನನಗಿಲ್ಲ, ಯಾವ ತಜ್ಞರಿಗೂ ಇಲ್ಲ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ, ಇಷ್ಟು ಅಂಕ ಬಂದರೆ ಪಾಸ್ ಅನ್ನುವ ಪ್ರಶ್ನೆಪತ್ರಿಕೆಯೂ ಇಲ್ಲ. ನಿಮ್ಮ ಒಳಗನ್ನು ನೋಡಬಲ್ಲವರು ನೀವೊಬ್ಬರೇ. ಎಲ್ಲಿ ನೋಡಬೇಕು ಅಂತ ತೋರಿಸುವುದಷ್ಟೇ ನನ್ನ ಕೆಲಸ.

ಕನ್ನಡದಲ್ಲಿ ಇದಕ್ಕೆ ‘ಅಲೈಂಗಿಕತೆ’ ಅಂತಾರೆ. ಆ ಪದ ಕೇಳಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಜೀವಶಾಸ್ತ್ರದ ಪಾಠ. ಅಮೀಬಾ ಎರಡಾಗಿ ಸೀಳುವುದು, ಹೈಡ್ರಾ ಮೊಗ್ಗು ಬಿಡುವುದು, ಅಲೈಂಗಿಕ ಸಂತಾನೋತ್ಪತ್ತಿ. ಅದಕ್ಕೇ ಈ ಪದ ಮನುಷ್ಯರಿಗೆ ಅಂಟಿಸಿದರೆ ಯಾರೋ ಮೈಕ್ರೋಸ್ಕೋಪಿನಡಿ ಇಟ್ಟ ಹಾಗೆ ಅನ್ನಿಸುತ್ತೆ. ತಮಾಷೆ ಅಂದರೆ, ಇಂಥವರು 2000ರಲ್ಲಿ ಕಟ್ಟಿಕೊಂಡ ಆರಂಭದ ಗುಂಪೊಂದು ತನ್ನ ಹೆಸರಿನಲ್ಲೇ ‘ಮನುಷ್ಯ ಅಮೀಬಾಗಳ ಆಸರೆ’ ಅಂತ ಇಟ್ಟುಕೊಂಡಿತ್ತು. ಬೇರೆಯವರು ನಗುವ ಮೊದಲು ತಾವೇ ನಕ್ಕುಬಿಟ್ಟಿದ್ದರು. ಮರುವರ್ಷ, 2001ರಲ್ಲಿ, ಡೇವಿಡ್ ಜೇ ಅನ್ನುವ ಅಮೆರಿಕದ ಯುವಕ ‘ಏವೆನ್’ ಅನ್ನುವ ಸಂಸ್ಥೆ ಶುರು ಮಾಡಿದ. ಚದುರಿಹೋಗಿದ್ದ ಎಷ್ಟೋ ಜನ ಒಬ್ಬರಿಗೊಬ್ಬರು ಸಿಕ್ಕಿದ್ದು ಅಲ್ಲಿ. ‘ಏಸ್’ ಅನ್ನುವುದು ಅಸೆಕ್ಷುವಲ್ ಪದದ ಚಿಕ್ಕ ರೂಪ. ಇಸ್ಪೀಟಿನ ಎಕ್ಕಕ್ಕೂ ಇಂಗ್ಲಿಷಿನಲ್ಲಿ ಏಸ್ ಅಂತಲೇ ಹೆಸರು. ಅದನ್ನೇ ಹಿಡಿದು ಕೆಲವರು ಆಟೀನ್ ಎಕ್ಕ, ಇಸ್ಪೀಟ್ ಎಕ್ಕ ಅಂತ ಗುರುತು ಮಾಡಿಕೊಂಡಿದ್ದಾರೆ. ಅದರ ಅರ್ಥಕ್ಕೆ ಆಮೇಲೆ ಬರುತ್ತೇನೆ.

ಈಗ ಮುಖ್ಯ ವಿಷಯ. ಲೈಂಗಿಕತೆ ಅಂತ ನಾವು ಒಂದೇ ಗಂಟು ಕಟ್ಟಿಟ್ಟಿರುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ದಾರಗಳಿವೆ. ಒಂದು ಸೆಳೆತ: ಒಬ್ಬ ವ್ಯಕ್ತಿಯ ಕಡೆಗೆ, ‘ಇವರ ಜೊತೆ’ ಅಂತ ಮನಸ್ಸು, ಮೈ ಎಳೆಯುವುದು. ಇನ್ನೊಂದು ಮೈಯ ಕಾವು: ಯಾರ ಕಡೆಗೂ ಮುಖ ಮಾಡದೆ ಸುಮ್ನೆ ಏಳುವ ಆಸೆ. ಮೂರನೆಯದು ನಡತೆ: ನಾವು ನಿಜಕ್ಕೂ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಅನ್ನುವುದು. ಹೆಚ್ಚಿನವರಲ್ಲಿ ಈ ಮೂರೂ ಜೊತೆಜೊತೆಗೇ ಓಡಾಡುತ್ತವೆ. ಹಾಗಾಗಿ ಅವರಿಗೆ ಇವು ಬೇರೆ ಬೇರೆ ಅಂತ ಗೊತ್ತಾಗುವ ಸಂದರ್ಭವೇ ಬರುವುದಿಲ್ಲ. ಏಸ್ ಅನ್ನುವ ಪದ ಮಾತಾಡುವುದು ಮೊದಲನೆಯ ದಾರದ ಬಗ್ಗೆ ಮಾತ್ರ. ಬೇರೆಯವರ ಕಡೆಗೆ ಲೈಂಗಿಕ ಸೆಳೆತ ಇಲ್ಲ, ಅಥವಾ ತೀರಾ ಕಮ್ಮಿ ಅನ್ನುವುದಷ್ಟೇ ಅದರ ಅರ್ಥ.

ಇದು ಗೊತ್ತಾದರೆ ನಿಮಗೆ ಸಿಕ್ಕ ಮೊದಲ ಉಪದೇಶ ಬಿದ್ದುಹೋಗುತ್ತೆ. ಒಬ್ಬಳೇ ಇದ್ದಾಗ ಆಸೆ ಬಂದರೆ ಅದು ಎರಡನೆಯ ದಾರ. ಗಾಡಿ ಎಂಜಿನ್ ಚಾಲೂ ಆಗಿದೆ, ಹೋಗಬೇಕು ಅನ್ನುವ ಊರಿಲ್ಲ. ಏಸ್ ಆಗಿರುವವರಲ್ಲಿ ಹಸ್ತಮೈಥುನ ಮಾಡುವವರು ಎಷ್ಟೋ ಜನ ಇದ್ದಾರೆ. ಕೆಲವರಿಗೆ ಅದು ಸೀನು ಬಂದರೆ ಸೀನಿದ ಹಾಗೆ ಅಂತೆ. ಆ ಹೊತ್ತಿನಲ್ಲಿ ತಲೆಯಲ್ಲಿ ಯಾರ ಮುಖವೂ ಇರುವುದಿಲ್ಲ. ಕೆನಡಾದಲ್ಲಿ ಲೋರಿ ಬ್ರಾಟೊ ಮತ್ತು ಮೊರಾಗ್ ಯೂಲ್ 38 ಹೆಂಗಸರನ್ನು ಪರೀಕ್ಷಿಸಿ 2011ರಲ್ಲಿ ಒಂದು ವರದಿ ಕೊಟ್ಟರು. ಕಾಮದ ದೃಶ್ಯ ತೋರಿಸಿದಾಗ ಏಸ್ ಹೆಂಗಸರ ಮೈ ಉಳಿದವರ ಮೈಯಂತೆಯೇ ಸ್ಪಂದಿಸಿತ್ತು. ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ನಿಮ್ಮ ಹಳೆಯ ಗೆಳೆಯನ ಜೊತೆಗಿನ ಎರಡು ವರ್ಷ ಮೂರನೆಯ ದಾರ. ಒಪ್ಪಿಕೊಂಡಿರಿ ಅನ್ನುವ ಕಾರಣಕ್ಕೆ ನೀವು ಏಸ್ ಆಗದೆ ಹೋಗುವುದಿಲ್ಲ. ಮಕ್ಕಳಿರುವ ಏಸ್ ಇದ್ದಾರೆ, ದಶಕಗಟ್ಟಲೆ ಸಂಸಾರ ಮಾಡಿದವರಿದ್ದಾರೆ. ಉಲ್ಟಾ ಲೆಕ್ಕವೂ ಅಷ್ಟೇ. ಬ್ರಹ್ಮಚಾರಿಯಾಗಿ ಉಳಿದ ಮಾತ್ರಕ್ಕೆ ಯಾರೂ ಏಸ್ ಆಗುವುದಿಲ್ಲ. ಬ್ರಹ್ಮಚರ್ಯ ಒಂದು ವ್ರತ, ಹಸಿವಿದ್ದೂ ಉಪವಾಸ ಕೂತ ಹಾಗೆ. ಹಸಿವೇ ಆಗದವರಿಗೆ ಉಪವಾಸದ ಪುಣ್ಯ ಕೊಡುವುದು ಹೇಗೆ? ನಿಮ್ಮನ್ನು ‘ಎಷ್ಟು ಸಂಯಮ’ ಅಂತ ಯಾರಾದರೂ ಹೊಗಳಿದ್ದರೆ ಒಳಗೊಳಗೇ ಮುಜುಗರ ಆಗಿರಬೇಕು, ಅಲ್ವಾ? ಮಾಡದ ಕೆಲಸಕ್ಕೆ ಸಂಬಳ ಬಂದ ಹಾಗೆ.

ಪ್ರೀತಿಯದು ಇನ್ನೊಂದೇ ದಾರ, ನಿಮ್ಮ ಪತ್ರದಲ್ಲಿ ಎದ್ದು ಕಾಣುವುದು ಅದೇ. ಗೆಳೆಯನ ಬಗ್ಗೆ ಬರೆಯುವಾಗ ‘ಪ್ರಾಣ’ ಅಂದಿದ್ದೀರಿ. ಜೊತೆಗೆ ಬದುಕುವ ಆಸೆ, ಕೈ ಹಿಡಿದರೆ ಆಗುವ ಹಿತ, ಇವೆಲ್ಲ ಪ್ರೇಮದ ಸೆಳೆತದ ಗುರುತುಗಳು. ಲೈಂಗಿಕ ಸೆಳೆತ ಇಲ್ಲದೆಯೂ ಪ್ರೇಮದ ಸೆಳೆತ ಪೂರ್ತಿ ಇರಬಹುದು. ಕೆಲವರಿಗೆ ಇದು ಗಂಡಸರ ಕಡೆಗೆ, ಕೆಲವರಿಗೆ ಹೆಂಗಸರ ಕಡೆಗೆ, ಕೆಲವರಿಗೆ ಇಬ್ಬರ ಕಡೆಗೂ ಇರುತ್ತೆ. ಪ್ರೇಮದ ಸೆಳೆತವೂ ಇಲ್ಲದವರನ್ನು ಏರೊಮ್ಯಾಂಟಿಕ್, ಚಿಕ್ಕದಾಗಿ ಏರೊ ಅಂತಾರೆ. ಆಗ ಹೇಳಿದ ಎಕ್ಕದ ಲೆಕ್ಕ ಇಷ್ಟೇ: ಪ್ರೇಮ ಇರುವ ಏಸ್‌ಗಳಿಗೆ ಆಟೀನ್ ಎಕ್ಕ, ಏಸ್ ಮತ್ತು ಏರೊ ಎರಡೂ ಆದವರಿಗೆ ಇಸ್ಪೀಟ್ ಎಕ್ಕ. ಏರೊ ಆದರೂ ಏಸ್ ಅಲ್ಲದವರೂ ಇದ್ದಾರೆ. ಅವರಿಗೆ ಲೈಂಗಿಕ ಸೆಳೆತ ಇರುತ್ತೆ, ಪ್ರೇಮದ ಗುಂಗು ಹತ್ತುವುದಿಲ್ಲ. ಅವರಿಗೆ ಸಿಗುವ ಬೈಗುಳ ನಿಮಗೆ ಸಿಗುವುದಕ್ಕಿಂತ ಜಾಸ್ತಿ. ಬಳಸಿ ಬಿಸಾಡುವವರು ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ.

ಏರೊ ಮಂದಿಗೆ ಪ್ರೀತಿಯೇ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅಮ್ಮನ ಮೇಲೆ, ಗೆಳೆಯರ ಮೇಲೆ, ಸಾಕಿದ ನಾಯಿಯ ಮೇಲೆ ಜೀವ ಇಟ್ಟುಕೊಂಡವರು ಅವರಲ್ಲೂ ಇದ್ದಾರೆ. ಗೆಳೆತನಕ್ಕಿಂತ ಗಟ್ಟಿಯಾದ, ಪ್ರಣಯ ಅನ್ನಲಾಗದ ಜೋಡಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ಅದಕ್ಕೆ ಕ್ವೀರ್‌ಪ್ಲಟಾನಿಕ್ ಸಂಬಂಧ ಅಂತ ಒಂದು ಹೆಸರು ಸುಮಾರು 2010ರಿಂದ ಬಳಕೆಯಲ್ಲಿದೆ. ಒಂದೇ ಮನೆ, ಒಂದೇ ಖರ್ಚಿನ ಲೆಕ್ಕ, ಆಸ್ಪತ್ರೆಗೆ ಸೇರಿದರೆ ರಾತ್ರಿ ಪಕ್ಕದಲ್ಲಿ ಕೂರುವವರು ಅವರೇ. ‘ಅವರು ನಿಮಗೆ ಏನಾಗಬೇಕು’ ಅಂತ ಯಾರಾದರೂ ಕೇಳಿದರೆ ಮಾತ್ರ ಉತ್ತರಕ್ಕೆ ತಡವರಿಸುತ್ತಾರೆ.

ಇನ್ನು ನೀವು ಓದಿ ತಲೆ ಕೆಡಿಸಿಕೊಂಡ ಪದಗಳು. ಏಸ್ ಸಮುದಾಯದ ಬಾವುಟ 2010ರಲ್ಲಿ ಬಂತು. ಕಪ್ಪು, ಬೂದು, ಬಿಳಿ, ನೇರಳೆ, ನಾಲ್ಕು ಪಟ್ಟಿ. ಆ ಬೂದು ಪಟ್ಟಿಯೇ ಗ್ರೇ. ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ, ಇದೆ ಅಂತ ಹೇಳಿಕೊಳ್ಳುವಷ್ಟೂ ಇಲ್ಲ. ಹತ್ತು ವರ್ಷದಲ್ಲಿ ಒಂದೋ ಎರಡೋ ಸಲ ಸೆಳೆತ ಬಂದು ಹೋದವರು, ಬಂದರೂ ಮುಂದುವರಿಯಬೇಕು ಅನ್ನಿಸದಷ್ಟು ತೆಳುವಾಗಿ ಬಂದವರು, ‘ಅದು ಸೆಳೆತವೇ ಆಗಿತ್ತಾ’ ಅಂತ ಇವತ್ತಿಗೂ ಗೊತ್ತಾಗದವರು ಈ ಪಟ್ಟಿಯೊಳಗೆ ಬರುತ್ತಾರೆ. ನನಗೆ ಇಷ್ಟವಾದ ಪದ ಇದು. ಲೆಕ್ಕ ಕೇಳದೆ ಜಾಗ ಕೊಡುತ್ತೆ.

ಡೆಮಿಸೆಕ್ಷುವಲ್ ಪದ ಸುಮಾರು 2006ರಲ್ಲಿ ಹುಟ್ಟಿದ್ದು. ಮನಸ್ಸು ಗಟ್ಟಿಯಾಗಿ ಬೆಸೆದ ಮೇಲಷ್ಟೇ ಸೆಳೆತ ಹುಟ್ಟುವವರಿಗೆ ಇದು. ಇದನ್ನು ಜನ ತುಂಬಾ ತಪ್ಪು ತಿಳಿಯುತ್ತಾರೆ. ‘ಅದರಲ್ಲೇನು ವಿಶೇಷ? ಮರ್ಯಾದಸ್ಥರೆಲ್ಲ ಹಾಗೇ ಅಲ್ವಾ’ ಅಂತಾರೆ. ವ್ಯತ್ಯಾಸ ಇದೆ. ಸೆಳೆತ ಇದ್ದೂ ‘ಇನ್ನೂ ಪರಿಚಯ ಆಗಲಿ’ ಅಂತ ಕಾಯುವುದು ಒಂದು ತೀರ್ಮಾನ. ಡೆಮಿ ಆದವರು ಕಾಯುತ್ತಿರುವುದಿಲ್ಲ, ಅವರ ಹತ್ತಿರ ಕಾಯಿಸುವುದಕ್ಕೆ ಏನೂ ಇರುವುದಿಲ್ಲ. ರೂಪವಂತ ಎದುರಿಗೆ ಬಂದರೆ ಚೆಂದದ ಚಿತ್ರ ನೋಡಿದಷ್ಟೇ ಖುಷಿ. ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದ ಮೇಲೆ ಒಂದು ದಿನ ಅದೇ ಮನುಷ್ಯ ಶರ್ಟಿನ ತೋಳು ಮಡಿಸುವುದನ್ನು ಕಂಡು ಎದೆ ಧಸಕ್ ಅನ್ನಬಹುದು. ಅನ್ನದೆಯೂ ಇರಬಹುದು. ಬೆಸುಗೆ ಆದ ಕಡೆಯಲ್ಲೆಲ್ಲ ಸೆಳೆತ ಹುಟ್ಟೇ ಹುಟ್ಟುತ್ತೆ ಅನ್ನುವ ಗ್ಯಾರಂಟಿ ಇಲ್ಲ. ನಿಮ್ಮ ಗೆಳೆಯನ ಜೊತೆ ನಾಲ್ಕು ವರ್ಷದ ಬೆಸುಗೆ ಇದ್ದೂ ಸೆಳೆತ ಬಂದಿಲ್ಲ. ಆದ್ದರಿಂದ ಈ ಪದ ಸದ್ಯಕ್ಕೆ ನಿಮ್ಮದಲ್ಲ ಅನ್ನಿಸುತ್ತೆ. ‘ಮದುವೆಯಾದ ಮೇಲೆ ಬರಬಹುದು’ ಅಂತ ಆ ಲೆಕ್ಕದ ಮೇಲೆ ಮದುವೆಯಾಗಬೇಡಿ.

ಕಾದಂಬರಿಯ ಬಗ್ಗೆ ನೀವು ಬರೆದಿದ್ದಕ್ಕೆ ಒಂದು ಹೆಸರೇ ಇದೆ. ಏಗೊಸೆಕ್ಷುವಲ್. ಕಾಮದ ಕಥೆ, ಕಲ್ಪನೆ ಹಿಡಿಸುತ್ತೆ, ಆದರೆ ಅದರೊಳಗೆ ‘ನಾನು’ ಇರಬಾರದು. ಕ್ರಿಕೆಟ್ ನೋಡುವುದಕ್ಕೆ ಬೆಳಗಿನ ಜಾವ ಏಳುವವರಿಗೆಲ್ಲ ಬ್ಯಾಟ್ ಹಿಡಿಯುವ ಆಸೆ ಇರುತ್ತಾ? ಕೆನಡಾದ ಮನಶ್ಶಾಸ್ತ್ರಜ್ಞ ಆಂಥನಿ ಬೊಗಾರ್ಟ್ ಇದಕ್ಕೆ ಮೊದಲು ಬೇರೊಂದು ಉದ್ದನೆಯ ಹೆಸರು ಇಟ್ಟಿದ್ದರು. ಅದರಲ್ಲಿ ಕಾಯಿಲೆಯ ವಾಸನೆ ಬರುತ್ತೆ ಅಂತ ಸಮುದಾಯದವರು ಹೆಸರು ಬದಲಾಯಿಸಿಕೊಂಡರು. ಇನ್ನೂ ಪದಗಳಿವೆ. ಸೆಳೆತ ಇದ್ದರೂ ಅದು ತಿರುಗಿ ಬರುವುದು ಬೇಡ ಅನ್ನುವವರಿಗೆ ಲಿಥೊ. ಪರಿಚಯ ಹೆಚ್ಚಾದಂತೆ ಸೆಳೆತ ಕರಗುವವರಿಗೆ ಫ್ರೇ. ಸೆಳೆತ ಇಲ್ಲದಿದ್ದರೂ ಲೈಂಗಿಕ ಸಂಬಂಧ ಬೇಕು ಅನ್ನುವವರಿಗೆ ಕ್ಯುಪಿಯೊ. ಈ ಯಾವುದೂ ಅಲ್ಲದ, ಸಾಮಾನ್ಯವಾಗಿ ಸೆಳೆತ ಇರುವ ಬಹುಪಾಲು ಜನಕ್ಕೆ ಅಲೊ.

ನಿಜ ಹೇಳಬೇಕೆಂದರೆ ಈ ಪಟ್ಟಿ ಸ್ವಲ್ಪ ಉದ್ದವೇ ಆಯಿತು ಅಂತ ನನಗೂ ಅನ್ನಿಸುತ್ತೆ. ಆದರೆ ಒಂದು ಪದ ಸಿಕ್ಕಿ ಕಣ್ಣೀರಿಟ್ಟವರನ್ನು ನೋಡಿದ ಮೇಲೆ ನಗುವುದು ಬಿಟ್ಟಿದ್ದೇನೆ. ಚಪ್ಪಲಿ ಅಂಗಡಿಯಲ್ಲಿ ಮಾಡುವ ಹಾಗೆ ಮಾಡಿ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಕಚ್ಚಿದರೆ ಬಿಚ್ಚಿಡಿ. ಇವತ್ತು ಏಸ್, ಐದು ವರ್ಷದ ಮೇಲೆ ಗ್ರೇ ಅನ್ನಿಸಿದರೆ ಇವತ್ತು ಹೇಳಿದ್ದು ಸುಳ್ಳಾಗುವುದಿಲ್ಲ. ಯಾವ ಪದವೂ ಬೇಡ ಅನ್ನಿಸಿದರೆ ಬರಿಗಾಲಲ್ಲೇ ಬನ್ನಿ.

ನಿಮ್ಮ ಸೆಳೆತ ಹುಡುಕುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ‘ಸೆಳೆತ ಇದೆಯಾ’ ಅಂತ ಕೇಳಿಕೊಂಡರೆ ಉತ್ತರ ಸಿಗುವುದು ಕಷ್ಟ, ಇಲ್ಲದ್ದನ್ನು ಹೇಗೆ ಗುರುತು ಹಿಡಿಯುವುದು? ಅದರ ಬದಲು ನಟಿಸಿದ್ದು ನೆನಪಿದೆಯಾ ನೋಡಿ. ಒಬ್ಬ ಹುಡುಗಿ ನನಗೆ ಹೇಳಿದ್ದು ಇದು (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ). ಹಾಸ್ಟೆಲಿನಲ್ಲಿ ರಾತ್ರಿ ಎಲ್ಲರೂ ಸುತ್ತ ಕೂತು ‘ನಿನ್ನ ಕ್ರಶ್ ಯಾರು’ ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಇವಳ ಸರದಿ ಬರುವುದರೊಳಗೆ ಇವಳು ತರಗತಿಯ ಹುಡುಗರನ್ನೆಲ್ಲ ತಲೆಯಲ್ಲೇ ಸಾಲಾಗಿ ನಿಲ್ಲಿಸಿದಳು. ಯಾರ ಹೆಸರು ಹೇಳಿದರೆ ಅನುಮಾನ ಬರುವುದಿಲ್ಲ, ಯಾರು ತೀರಾ ಹತ್ತಿರ ಬಂದು ತೊಂದರೆ ಕೊಡುವುದಿಲ್ಲ ಅಂತ ಅಳೆದು ತೂಗಿ ಒಬ್ಬನನ್ನು ಆರಿಸಿದಳು. ಆಮೇಲೆ ಎರಡು ವರ್ಷ ಆ ಹೆಸರನ್ನೇ ಕಾಪಾಡಿಕೊಂಡು ಬಂದಳು. ಅವನು ಕಂಡಾಗ ನಾಚುವುದಕ್ಕೂ ಮರೆಯುತ್ತಿರಲಿಲ್ಲ. ಎಲ್ಲರೂ ಹೀಗೇ ಒಬ್ಬರನ್ನು ಆರಿಸಿಕೊಳ್ಳುತ್ತಾರೆ ಅಂತಲೇ ಅವಳು ಅಂದುಕೊಂಡಿದ್ದಳಂತೆ. ಉಳಿದವರಿಗೆ ಅದು ತಾನಾಗೇ ಆಗುತ್ತೆ ಅಂತ ಗೊತ್ತಾಗಿದ್ದು 26ನೇ ವಯಸ್ಸಿನಲ್ಲಿ. ನಿಮ್ಮ ನೆನಪಿನಲ್ಲೂ ಇಂಥದ್ದೊಂದು ಇರಬಹುದು, ಹುಡುಕಿ ನೋಡಿ.

‘ಇದೆಲ್ಲ ಈಗಿನ ಕಾಲದ ಹುಚ್ಚು’ ಅನ್ನುವವರು ಸಿಕ್ಕರೆ ಅವರಿಗೆ 1948ರ ಕಥೆ ಹೇಳಿ. ಅಮೆರಿಕದ ಆಲ್ಫ್ರೆಡ್ ಕಿನ್ಸೆ ಸಾವಿರಾರು ಗಂಡಸರನ್ನು ಮಾತಾಡಿಸಿ, ಸೊನ್ನೆಯಿಂದ ಆರರವರೆಗೆ ಒಂದು ಅಳತೆಪಟ್ಟಿ ಮಾಡಿದರು. ಒಂದು ತುದಿಯಲ್ಲಿ ಬರೀ ಹೆಂಗಸರ ಕಡೆ ಸೆಳೆತ ಇರುವವರು, ಇನ್ನೊಂದು ತುದಿಯಲ್ಲಿ ಬರೀ ಗಂಡಸರ ಕಡೆ. ಕೆಲವರು ಈ ಪಟ್ಟಿಯ ಮೇಲೆ ಎಲ್ಲೂ ಕೂರಲಿಲ್ಲ. ಅವರಿಗೆ ‘ಎಕ್ಸ್’ ಅಂತ ಗುರುತು ಹಾಕಿ ಪಕ್ಕಕ್ಕಿಟ್ಟರು. 1980ರಲ್ಲಿ ಮೈಕಲ್ ಸ್ಟಾರ್ಮ್ಸ್ ಅನ್ನುವವರು ಅಳತೆ ಒಂದೇ ಗೆರೆಯಲ್ಲಿ ಇರಬೇಕಾಗಿಲ್ಲ ಅಂದರು. ಗಂಡಸರ ಕಡೆಗೊಂದು ಗೆರೆ, ಹೆಂಗಸರ ಕಡೆಗೊಂದು ಗೆರೆ ಎಳೆದರೆ ಎರಡರಲ್ಲೂ ಕೆಳಗಿರುವವರಿಗೆ ತಾನಾಗೇ ಒಂದು ಮೂಲೆ ಸಿಕ್ಕಿತು. 2002ರಲ್ಲಿ ನ್ಯೂಯಾರ್ಕ್ ರಾಜ್ಯ ಭೇದಭಾವ ತಡೆಯಲು ಒಂದು ಕಾಯ್ದೆ ಮಾಡಿದಾಗ ಅಲೈಂಗಿಕತೆಯನ್ನೂ ಹೆಸರಿಸಿ ಸೇರಿಸಿತು. 2004ರಲ್ಲಿ ಬೊಗಾರ್ಟ್ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಹಳೆಯ ಸಮೀಕ್ಷೆಯೊಂದನ್ನು ಜಾಲಾಡಿದರು. ‘ಯಾರ ಬಗ್ಗೆಯೂ ಲೈಂಗಿಕ ಸೆಳೆತ ಯಾವತ್ತೂ ಆಗಿಲ್ಲ’ ಅನ್ನುವ ಉತ್ತರಕ್ಕೆ ಗುರುತು ಹಾಕಿದವರು ಸುಮಾರು ಶೇಕಡ 1. ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಅದೇ ಲೆಕ್ಕ ಹಿಡಿದರೆ ಸಾವಿರ ಮಕ್ಕಳಿರುವ ಕಾಲೇಜಿನಲ್ಲಿ ನಿಮ್ಮಂಥವರು ಹತ್ತು ಜನ ಇದ್ದಿರಬೇಕು. ಹತ್ತೂ ಜನ ಯಾವುದೋ ಒಂದು ಹೆಸರನ್ನು ಆರಿಸಿಕೊಂಡು ನಾಚುತ್ತಾ ಇದ್ದರೇನೋ.

ಈಗ ಡಾಕ್ಟರ ವಿಷಯ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಕಾಮದ ಆಸೆ ಕಮ್ಮಿ ಇರುವುದು 1980ರಿಂದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಹೆಸರು ಬದಲಾಗುತ್ತಾ ಬಂತು, ಪಟ್ಟಿಯಿಂದ ಹೋಗಲಿಲ್ಲ. 2013ರಲ್ಲಿ ಬಂದ ಐದನೇ ಆವೃತ್ತಿ ಒಂದು ಮುಖ್ಯ ಮಾತು ಸೇರಿಸಿತು: ಆ ವ್ಯಕ್ತಿ ತನ್ನನ್ನು ಅಲೈಂಗಿಕ ಅಂತ ಗುರುತಿಸಿಕೊಂಡರೆ ಈ ಕಾಯಿಲೆಯ ಹೆಸರು ಹಚ್ಚಬಾರದು. ಇನ್ನೊಂದು ಷರತ್ತೂ ಅಲ್ಲಿದೆ. ಕಾಯಿಲೆ ಅನ್ನಬೇಕಾದರೆ ಅದರಿಂದ ಆ ವ್ಯಕ್ತಿಗೇ ಸಂಕಟ ಆಗುತ್ತಿರಬೇಕು. ನಿಮಗೂ ಸಂಕಟ ಇದೆ, ಗೊತ್ತು. ಆದರೆ ಅದು ಎಲ್ಲಿಂದ ಬರುತ್ತಿದೆ ನೋಡಿ. ಒಂದು ಊರಲ್ಲಿ ನೀವೊಬ್ಬರೇ ಇದ್ದಿದ್ದರೆ, ಯಾರೂ ಏನೂ ಕೇಳದಿದ್ದರೆ, ಆಗಲೂ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತಿತ್ತಾ? ‘ಇಲ್ಲ’ ಅಂದರೆ ಮದ್ದು ಬೇಕಾಗಿರುವುದು ನಿಮಗಲ್ಲ.

ಹಾಗಂತ ಡಾಕ್ಟರ ಬಾಗಿಲೇ ಮುಚ್ಚಿಬಿಡಿ ಅನ್ನುವುದಿಲ್ಲ. ಮೊದಲು ಸೆಳೆತ, ಆಸೆ ಎರಡೂ ಇದ್ದು ಇದ್ದಕ್ಕಿದ್ದ ಹಾಗೆ ಹೋದರೆ ತೋರಿಸಲೇಬೇಕು. ಥೈರಾಯ್ಡ್ ಏರುಪೇರು, ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಾಗುವುದು, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಹೆರಿಗೆಯ ನಂತರದ ದಿನಗಳು, ಇವೆಲ್ಲ ಆಸೆಯನ್ನು ತಗ್ಗಿಸುತ್ತವೆ. ಮುಟ್ಟು ತಪ್ಪುತ್ತಿದ್ದರೆ, ಕೂಡುವಾಗ ನೋವಾದರೆ, ಯಾವಾಗಲೂ ಸುಸ್ತು ಇದ್ದರೆ ಏಸ್ ಆದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಾತ್ರೆ ತಿನ್ನುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಆದರೆ ನಿಮ್ಮದು ಹದಿಹರೆಯದಿಂದ ಹೀಗೇ ಇರುವ ಸ್ವಭಾವ, ಮೈಯ ಕಾವು ಕೂಡ ಇದೆ. ಮನಸ್ಸಿನ ಸಮಾಧಾನಕ್ಕೆ ಟೆಸ್ಟ್ ಮಾಡಿಸಿದರೆ ತಪ್ಪಿಲ್ಲ. ಹಾರ್ಮೋನು ಕಮ್ಮಿ ಅಂತಲೇ ಬಂದರೂ ಅದು ಕಾವಿನ ಲೆಕ್ಕ. ಯಾರ ಕಡೆಗೆ ಮನಸ್ಸು ಎಳೆಯುತ್ತೆ ಅನ್ನುವುದು ಆ ರಿಪೋರ್ಟಿನಲ್ಲಿ ಇರುವುದಿಲ್ಲ.

ಚಿಕ್ಕಂದಿನಲ್ಲಿ ಏನಾದರೂ ಕೆಟ್ಟದ್ದು ಆಗಿರಬೇಕು ಅಂತ ಕೆದಕುವವರೂ ಸಿಗುತ್ತಾರೆ. ಅಂಥದ್ದೇನೂ ಆಗದ ಏಸ್‌ಗಳು ಬೇಕಾದಷ್ಟು ಜನ ಇದ್ದಾರೆ. ಆಗಿದ್ದವರಿಗೆ ಆ ಗಾಯಕ್ಕೆ ಆರೈಕೆ ಬೇಕು, ಅದರ ಜೊತೆಗೆ ಈ ಪದವನ್ನೂ ಇಟ್ಟುಕೊಳ್ಳುವ ಹಕ್ಕು ಅವರಿಗಿದೆ.

ಕೊನೆಯದು, ನಿಮಗೆ ನಿದ್ದೆಗೆಡಿಸಿರುವುದು: ಅವನಿಗೆ ಹೇಳುವುದು. ಹೇಳುವ ಮೊದಲು ನಿಮಗೆ ನೀವೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಸೆಳೆತ ಇಲ್ಲ ಅನ್ನುವುದು ಒಂದು, ಲೈಂಗಿಕ ಸಂಪರ್ಕದ ಬಗ್ಗೆ ನಿಮ್ಮ ಧೋರಣೆ ಏನು ಅನ್ನುವುದು ಇನ್ನೊಂದು. ಕೆಲವು ಏಸ್‌ಗಳಿಗೆ ಯೋಚಿಸಿದರೇ ಮೈ ಮುದುಡುತ್ತೆ. ಕೆಲವರಿಗೆ ಹಾಗೂ ಇಲ್ಲ ಹೀಗೂ ಇಲ್ಲ. ಕೆಲವರು ಸಂಗಾತಿಯ ಖುಷಿಗೆ, ಆ ಹತ್ತಿರಕ್ಕೆ, ಮಗುವಿಗೆ ಅಂತ ಮನಸಾರೆ ಒಪ್ಪುತ್ತಾರೆ. ಮೂರೂ ಸರಿ. ಆದರೆ ಫ್ಯಾನ್ ನೋಡುತ್ತಾ ಕಾಯುವುದು ಮನಸಾರೆ ಒಪ್ಪುವ ಲೆಕ್ಕಕ್ಕೆ ಬರುವುದಿಲ್ಲ. ಅವನು ಪ್ರೀತಿಸುತ್ತಾನೆ ಅನ್ನುವುದು ತೀರಿಸಬೇಕಾದ ಸಾಲ ಅಲ್ಲ. ಮದುವೆಯಾದರೂ ಅಲ್ಲ. ನಿಮ್ಮ ಉತ್ತರ ‘ಯಾವತ್ತೂ ಬೇಡ’ ಅಂತಿದ್ದರೆ ಅದನ್ನು ‘ನೋಡೋಣ’ ಅಂತ ಮೆತ್ತಗೆ ಮಾಡಿ ಹೇಳಬೇಡಿ. ಅವನು ಆ ‘ನೋಡೋಣ’ವನ್ನೇ ನಂಬಿಕೊಂಡು ವರ್ಷಗಟ್ಟಲೆ ಕಾಯುತ್ತಾನೆ. ಇಬ್ಬರಿಗೂ ಅನ್ಯಾಯ.

ಒಂದು ಜೋಡಿ ನೆನಪಾಗುತ್ತೆ. ಹೆಂಡತಿ ಏಸ್, ಗಂಡ ಅಲ್ಲ. ನನ್ನ ಮುಂದೆ ಕೂತಾಗ ಸೋಫಾದ ಎರಡು ತುದಿಯಲ್ಲಿ ಕೂತಿದ್ದರು. ‘ಇವಳು ನನ್ನನ್ನು ಮುಟ್ಟುವುದೇ ಇಲ್ಲ’ ಅಂತ ಅವನ ದೂರು. ಅವಳನ್ನು ಕೇಳಿದೆ. ಅವಳಿಗೆ ಅಪ್ಪಿಕೊಳ್ಳುವುದು ಇಷ್ಟವಂತೆ, ಭುಜಕ್ಕೆ ಒರಗಿ ಕೂರುವುದು ಇನ್ನೂ ಇಷ್ಟವಂತೆ. ಆದರೆ ಕೈ ಹಿಡಿದರೆ ಅಪ್ಪುಗೆ, ಅಪ್ಪಿಕೊಂಡರೆ ಮುತ್ತು, ಮುತ್ತು ಕೊಟ್ಟರೆ ಮುಂದಿನದು. ಪ್ರತಿ ಮುಟ್ಟುವಿಕೆಯೂ ಏಣಿಯ ಮೊದಲ ಮೆಟ್ಟಿಲು. ಮೇಲೆ ಹತ್ತುವುದು ಬೇಡ ಅಂತ ಅವಳು ಏಣಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು. ಅವನು ಅದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಅಪ್ಪುಗೆ ಅಪ್ಪುಗೆಯಲ್ಲೇ ನಿಲ್ಲುತ್ತೆ, ಬೇರೇನಾದರೂ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು, ‘ಬೇಡ’ ಅಂದರೆ ಮುಖ ಊದಿಸಿಕೊಳ್ಳಬಾರದು. ತಿಂಗಳ ನಂತರ ಬಂದಾಗ ಸೋಫಾದ ಒಂದೇ ಬದಿಯಲ್ಲಿ ಕೂತಿದ್ದರು. ಅವರ ಸಮಸ್ಯೆ ಎಲ್ಲ ತೀರಿತ್ತು ಅಂತಲ್ಲ. ಅವನಿಗೆ ಬೇಕಾದ್ದರಲ್ಲಿ ಒಂದಷ್ಟು ಸಿಗಲೇ ಇಲ್ಲ, ಅದರ ಬೇಸರ ಇತ್ತು, ಅದನ್ನು ಹೇಳಿಕೊಂಡ ಕೂಡ. ಎಲ್ಲ ಜೋಡಿಗೂ ಇದು ಸಾಧ್ಯವಾಗುವುದಿಲ್ಲ. ಒಬ್ಬರಿಗೊಬ್ಬರು ಒಳ್ಳೆಯವರಾಗಿದ್ದೇ ಬೇರೆಯಾದವರನ್ನೂ ನೋಡಿದ್ದೇನೆ.

ನಿಮ್ಮ ಗೆಳೆಯ ಕೇಳಿ ಹಿಂದೆ ಸರಿಯಬಹುದು. ಸರಿದರೆ ಅವನು ಕೆಟ್ಟವನಲ್ಲ, ನೀವು ಕಲ್ಲೂ ಅಲ್ಲ. ಅವನ ಮೊದಲ ಪ್ರಶ್ನೆ ಬಹುಶಃ ‘ಹಾಗಾದರೆ ನಾನು ನಿನಗೆ ಇಷ್ಟ ಇಲ್ವಾ’ ಅಂತ ಇರುತ್ತೆ. ಹಾಗಾಗಿ ನೀವು ಶುರು ಮಾಡಬೇಕಾದ್ದೇ ಅಲ್ಲಿಂದ. ಪದಗಳ ಪಾಠ ಮೊದಲೇ ಬೇಡ. ನನಗೆ ಬರೆದಷ್ಟೇ ನೇರವಾಗಿ ಹೇಳಿ: ‘ನೀನೆಂದರೆ ನನಗೆ ಪ್ರಾಣ. ಜೊತೆಗೆ ಬದುಕುವ ಆಸೆ ಇದೆ. ಆದರೆ ಯಾರ ಬಗ್ಗೆಯೂ ನನಗೆ ಆ ಥರದ ಆಸೆ ಹುಟ್ಟುವುದಿಲ್ಲ, ಯಾವತ್ತೂ ಹುಟ್ಟಿಲ್ಲ. ಇದು ನಿನ್ನಿಂದ ಆಗಿದ್ದಲ್ಲ. ನನಗೆ ಆಗುವುದು ಇಷ್ಟು, ಆಗದ್ದು ಇಷ್ಟು.’ ಆಮೇಲೆ ಅವನಿಗೆ ಏನು ಬೇಕು ಅಂತ ಕೇಳಿ. ಮಕ್ಕಳ ವಿಷಯವನ್ನೂ ಎತ್ತಿ. ಉತ್ತರ ಅವತ್ತೇ ಬೇಡ ಅಂತಲೂ ಹೇಳಿ.

ಎದುರುಬದುರು ಕೂತು ಹೇಳಬೇಡಿ, ಸಂದರ್ಶನದ ಹಾಗಾಗುತ್ತೆ. ಮೆಸೇಜಿನಲ್ಲೂ ಬೇಡ. ಸಂಜೆ ಇಬ್ಬರೂ ಸ್ವಲ್ಪ ದೂರ ನಡೆಯಲು ಹೋಗಿ, ನಡೆಯುತ್ತಾ ಹೇಳಿ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಮಾತು ನಿಂತರೂ ಕಾಲು ನಡೆಯುತ್ತಿರುತ್ತೆ. ವಾಪಸ್ ಬರುವ ದಾರಿ ಸ್ವಲ್ಪ ಉದ್ದವೇ ಇರಲಿ, ಅವನಿಗೆ ಕೇಳುವುದು ಇರುತ್ತೆ.